ಎಣಿಕೆಯ ಯಂತ್ರಕ್ಕೆ ಮುಸುಕು ಹಾಕಿದವರಿಗೆ

ಮಾನ್ಯ ಸೋಂಕು ನಿಯಂತ್ರಣ ನಿರ್ದೇಶಕರೇ,

ನಿಮ್ಮ ಇಲಾಖೆಯಿಂದ ನನ್ನ ತಮ್ಮನ ಮೊಬೈಲಿಗೆ ಅಭಿನಂದನೆಯ ಸಂದೇಶವೊಂದು ಬಂದಿದೆ. 'ನಿಮ್ಮ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದಿದೆ. ಈ ಸಾಧನೆಗೆ ಅಭಿನಂದನೆಗಳು' ಎಂದು ಬರೆದು, ಕೊನೆಯಲ್ಲಿ ಒಂದು ಹೂವಿನ ಚಿತ್ರವನ್ನೂ ಹಾಕಿದ್ದೀರಿ. ಅದನ್ನು ನಾನೇ ಅವನಿಗೆ ಓದಿ ಹೇಳಿದೆ. ಹೂವು ಯಾವ ಬಣ್ಣದ್ದು ಎಂದು ಕೇಳಿದ, ಅದನ್ನೂ ಹೇಳಿದೆ. ಯಾಕೆಂದರೆ ಅವನಿಗೆ ಈಗ ಎರಡು ಕಣ್ಣೂ ಕಾಣುವುದಿಲ್ಲ. ಎಚ್‌ಐವಿ ಸೋಂಕು ಒಬ್ಬ ಮನುಷ್ಯನ ಮೈಯಲ್ಲಿ ಎಷ್ಟು ದೂರ ಹೋಗಿದೆ ಎಂದು ತಿಳಿಸುವ ರಕ್ತಪರೀಕ್ಷೆಯೊಂದನ್ನು ನೀವು ಸುತ್ತೋಲೆ ಹೊರಡಿಸಿ ನಿಲ್ಲಿಸಿದ್ದರಿಂದ ಹೋದ ಕಣ್ಣುಗಳು ಅವು. ಹೋದ ಕಣ್ಣು ವಾಪಸು ಕೊಡಿ ಎಂದು ಕೇಳುವಷ್ಟು ಪೆದ್ದಿ ನಾನಲ್ಲ. ನಿಲ್ಲಿಸಿದ ಪರೀಕ್ಷೆಯನ್ನು ಮತ್ತೆ ಶುರು ಮಾಡಿ ಎಂದು ಕೇಳಲು ಬರೆಯುತ್ತಿದ್ದೇನೆ. ಇದನ್ನೇ ಈ ಮೊದಲು ಮುಚ್ಚಿದ ಲಕೋಟೆಯಲ್ಲಿ ನಿಮಗೆ ಬರೆದಿದ್ದೆ. ಅದಕ್ಕೆ ಬಂದ ಉತ್ತರ ಎಂಥದೆಂದು ಮುಂದೆ ಹೇಳುತ್ತೇನೆ. ಆ ಉತ್ತರ ಓದಿದ ಮೇಲೆ, ನಾಲ್ಕು ಜನರ ಮುಂದೆ ಕೇಳಿದರೆ ಮಾತ್ರ ನಿಮಗೆ ಕೇಳಿಸುತ್ತದೆ ಎಂದು ಖಾತ್ರಿಯಾಯಿತು, ಅದಕ್ಕೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಯಾರು ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ 'ಯಾರೋ ಬರೆಸಿದ್ದು' ಎಂದು ನೀವು ತಿಪ್ಪೆ ಸಾರಿಸಬಹುದು. ನಾನು ಒಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಗಂಟಲೇ ನನ್ನ ಬಂಡವಾಳ. ಕ್ಲಚ್ ಬಿಡಿ ಎಂದರೆ ಆಕ್ಸಿಲರೇಟರ್ ಒತ್ತುವವರನ್ನು, ಬಲಕ್ಕೆ ಎಂದರೆ ಎಡಕ್ಕೆ ತಿರುಗಿಸಿ ನನ್ನನ್ನೇ ದುರುಗುಟ್ಟಿ ನೋಡುವವರನ್ನು ಬೆಳಗಿನಿಂದ ಸಂಜೆಯವರೆಗೆ ಕೂಗಿ ದಾರಿಗೆ ತರುವುದು ನನ್ನ ಕೆಲಸ. ನನ್ನ ತಮ್ಮನೂ ಅಲ್ಲೇ ಮಾಸ್ಟರ್ ಆಗಿದ್ದ. ಅವನು ನನ್ನ ಥರ ಅಲ್ಲ, ಒಂದು ದಿನವೂ ದನಿ ಏರಿಸಿದವನಲ್ಲ. ಕಲಿಯುವವರು ಏನೇ ಎಡವಟ್ಟು ಮಾಡಲಿ, 'ನಿಧಾನ, ನಿಧಾನ' ಎಂದು ಹೇಳುತ್ತಲೇ ಕೂರುತ್ತಿದ್ದ. ಅದಕ್ಕೇ ಅವನಿಗೆ ನಿಧಾನ ಮಾಸ್ಟರ್ ಎಂದೇ ಹೆಸರು ಬಿದ್ದಿತ್ತು. ಹೆಂಗಸರೆಲ್ಲ 'ನಮಗೆ ನಿಧಾನ ಮಾಸ್ಟರೇ ಬೇಕು, ಮೇಡಂ ಬೇಡ' ಎಂದು ನನ್ನ ಎದುರಿಗೇ ಹೇಳುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ಆದರೆ ಸ್ಕೂಲು ನಡೆಯುತ್ತಿದ್ದುದು ಅವನಿಂದಲೇ ಎಂದು ನನಗೂ ಗೊತ್ತಿತ್ತು.

ಅವನಿಗೆ ಸೋಂಕು ಇದೆ ಎಂದು ಗೊತ್ತಾದದ್ದು ಹೇಗೆಂದು ಕೇಳಿ. ಎಷ್ಟೋ ವರ್ಷದ ಹಿಂದೆ ಅವನಿಗೆ ಹತ್ತಿರವಿದ್ದವರೊಬ್ಬರು ಒಂದು ದಿನ ಇದ್ದಕ್ಕಿದ್ದಂತೆ ಫೋನ್ ಮಾಡಿ, 'ನನಗೆ ಇದೆ ಅಂತ ಗೊತ್ತಾಯ್ತು, ನೀನೂ ಒಂದ್ಸಲ ನೋಡಿಸ್ಕೋ' ಎಂದರು. ಅವನು ಮಾರನೆಯ ಬೆಳಿಗ್ಗೆಯೇ ನಿಮ್ಮ ಕೇಂದ್ರಕ್ಕೆ ಹೋಗಿ ನೋಡಿಸಿಕೊಂಡ. ನಿಮ್ಮ ಗೋಡೆಯ ಮೇಲಿನ ಚಿತ್ರಪಟಗಳು ಜನರು ಏನು ಮಾಡಬೇಕು ಎಂದು ಬೋಧಿಸುತ್ತವೋ ಅದನ್ನು ಅಕ್ಷರಶಃ ಮಾಡಿದ ಮನುಷ್ಯ ಅವನು. ಆಮೇಲೆ ಶೆಡ್ಡಿನಲ್ಲಿ ನಿಂತಿದ್ದ ಕಾರಿನೊಳಗೆ ನನ್ನನ್ನು ಕೂರಿಸಿಕೊಂಡು ಗಾಜು ಏರಿಸಿದ.

"ಅಕ್ಕಾ, ಒಂದು ವಿಷಯ ಹೇಳ್ಬೇಕು. ಕೂಗಾಡಬಾರದು."

"ಯಾವ ಗಾಡಿಗೆ ಗುದ್ದಿದೆ?"

"ಗಾಡಿಗಲ್ಲ."

ನಾನು ಕೂಗಾಡಲಿಲ್ಲ. ಅವನ ಕೈ ಹಿಡಿದುಕೊಂಡು ಅತ್ತೆ, ಅವನೇ ನನಗೆ ಸಮಾಧಾನ ಹೇಳಿದ. ಈಗ ಒಳ್ಳೆಯ ಔಷಧಿ ಇದೆ, ದಿನಕ್ಕೊಂದು ಮಾತ್ರೆ, ನಾನು ನಿನಗಿಂತ ಜಾಸ್ತಿ ಬದುಕ್ತೀನಿ ನೋಡ್ತಿರು ಎಂದ. ಈ ಪತ್ರ ಓದುವವರಲ್ಲಿ ಕೆಲವರಿಗೆ ಈಗಾಗಲೇ ಒಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದಿರುತ್ತದೆ: ಅವನಿಗೆ ಬಂದದ್ದು ಹೇಗೆ, ಯಾರಿಂದ? ಅದು ನಿಮಗೆ ಸಂಬಂಧಿಸಿದ್ದಲ್ಲ ಎಂದು ಕಡ್ಡಿ ಮುರಿದಂತೆ ಹೇಳುತ್ತೇನೆ. ಕಾರು ಗುದ್ದಿಸಿಕೊಂಡು ರಸ್ತೆಯಲ್ಲಿ ಬಿದ್ದವನನ್ನು ಎತ್ತುವ ಮುಂಚೆ ಯಾರೂ ಅವನ ನಡತೆ ವಿಚಾರಿಸುವುದಿಲ್ಲ. ಇಲ್ಲಿ ಮಾತ್ರ ಎಲ್ಲರಿಗೂ ಮೂಗು ತೂರಿಸುವ ಹಕ್ಕು ಹೇಗೆ ಬರುತ್ತದೋ ನನಗೆ ತಿಳಿಯದು.

ನಿರ್ದೇಶಕರೇ, ಮಾತ್ರೆ ಶುರು ಮಾಡುವ ದಿನ ನಾನೂ ಅವನ ಜೊತೆ ಕೇಂದ್ರಕ್ಕೆ ಹೋಗಿದ್ದೆ. ನೀವು ಆ ಕೇಂದ್ರವನ್ನು ಉದ್ಘಾಟನೆಯ ದಿನ ಬಿಟ್ಟರೆ ಮತ್ತೆ ನೋಡಿರಲಾರಿರಿ, ಅದಕ್ಕೇ ಹೇಳುತ್ತೇನೆ. ಬಾಗಿಲಿನಿಂದ ಒಳಗೆ ಬಂದರೆ ಗೋಡೆಯುದ್ದಕ್ಕೂ ಒಂದು ಬೆಂಚು. ಎದುರಿಗೆ ಆಪ್ತಸಲಹೆಯ ಕೊಠಡಿ, ಅದರ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಒಳಗಿನ ಮಾತೆಲ್ಲ ಬೆಂಚಿನವರೆಗೆ ಬರುತ್ತದೆ. ಪಕ್ಕದಲ್ಲಿ ಗಾಜಿನ ಗೋಡೆಯ ಪ್ರಯೋಗಾಲಯ. ಅದರೊಳಗೆ ಒಂದು ದೊಡ್ಡ ಯಂತ್ರಕ್ಕೆ ಅಳತೆ ತೆಗೆದು ಹೊಲಿಸಿದ ಬಟ್ಟೆಯ ಮುಸುಕು ಹಾಕಿ, ಮುಸುಕಿನ ಮೇಲೆ ಸಿಬ್ಬಂದಿಯ ಊಟದ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಆಪ್ತಸಲಹೆಗಾರ್ತಿ ಒಳ್ಳೆಯ ಹೆಣ್ಣುಮಗಳು. ತಮ್ಮನಿಗೆ ಧೈರ್ಯ ಹೇಳಿದಳು, ಮಾತ್ರೆ ಹೇಗೆ ನುಂಗಬೇಕು ಎಂದು ತಿಳಿಸಿದಳು. ನಾನು ಸುಮ್ಮನಿರದೆ ಕೇಳಿದೆ, "ರೋಗ ಎಷ್ಟು ಮುಂದುವರಿದಿದೆ ಅಂತ ರಕ್ತ ನೋಡಲ್ವಾ ತಾಯಿ? ಮೊದಲೆಲ್ಲ ಏನೋ ಸಂಖ್ಯೆ ಹೇಳ್ತಿದ್ರಲ್ಲ?"

"ಸಿಡಿ4 ಎಣಿಕೆ ಈಗ ಮಾಡಲ್ಲ ಮೇಡಂ. ಮೇಲಿಂದ ಸುತ್ತೋಲೆ ಬಂದಿದೆ. ಎಣಿಕೆ ಎಷ್ಟೇ ಇರ್ಲಿ, ಎಲ್ಲರಿಗೂ ಮಾತ್ರೆ ಕೊಡ್ತೀವಿ. ಆರು ತಿಂಗಳಿಗೆ ವೈರಲ್ ಲೋಡ್ ಮಾಡ್ತೀವಿ, ಅದು ಮುಖ್ಯ."

"ಮತ್ತೆ ಆ ಯಂತ್ರ ಯಾವುದಕ್ಕೆ?"

"ಅದು ಅದಕ್ಕೇ ಇದ್ದಿದ್ದು. ಈಗ ಅದಕ್ಕೆ ಬೇಕಾದ ದ್ರಾವಣ ಕಳಿಸ್ತಿಲ್ಲ."

ಎಲ್ಲರಿಗೂ ಮಾತ್ರೆ ಎಂಬ ಮಾತು ಕೇಳಿ ನನಗೆ ಖುಷಿಯೇ ಆಯಿತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈ ಪತ್ರ ಓದಿ ಯಾರಾದರೂ ಮಾತ್ರೆ ನುಂಗುವುದನ್ನು ಬಿಟ್ಟರೆ ಆ ಪಾಪ ನನಗೆ ಬೇಡ. ಮಾತ್ರೆಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆ ಮಾತ್ರೆಯಿಂದಲೇ ನನ್ನ ತಮ್ಮ ಇವತ್ತು ಉಸಿರಾಡುತ್ತಿದ್ದಾನೆ. ನನ್ನ ಸಿಟ್ಟೆಲ್ಲ ಮಾತ್ರೆ ಕೊಡುವ ಮುಂಚೆ ಅವನ ಮೈಯೊಳಗೆ ಇಣುಕಿ ನೋಡಬೇಡಿ ಎಂದು ಆಜ್ಞೆ ಮಾಡಿದವರ ಮೇಲೆ.

ಮಾತ್ರೆ ಶುರುವಾಗಿ ಎರಡನೇ ವಾರಕ್ಕೆ ಅವನಿಗೆ ತಲೆನೋವು ಬಂತು. ನಮ್ಮ ಕಸುಬಿನಲ್ಲಿ ತಲೆನೋವು ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಸಬರು ಕ್ಲಚ್ಚನ್ನು ದಢಕ್ಕನೆ ಬಿಟ್ಟಾಗಲೆಲ್ಲ ಪಕ್ಕದಲ್ಲಿ ಕುಳಿತವರ ಕತ್ತು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಸಂಜೆಯ ಹೊತ್ತಿಗೆ ಕತ್ತಿನಿಂದ ನೋವು ಹತ್ತಿಕೊಂಡು ನೆತ್ತಿಗೆ ಬಂದಿರುತ್ತದೆ. ನಾವು ಅದಕ್ಕೆ ಜಗ್ಗುನೋವು ಎಂದೇ ಹೆಸರಿಟ್ಟಿದ್ದೇವೆ. ಹೀಗಾಗಿ ನಾನು ಅವನಿಗೆ ಹೊಸಬರನ್ನು ತಪ್ಪಿಸಿ, ಲೈಸೆನ್ಸ್ ಪರೀಕ್ಷೆಗೆ ತಯಾರಾಗಿದ್ದ ಪಳಗಿದವರನ್ನು ಮಾತ್ರ ಕೊಟ್ಟೆ. ಬಿಸಿಲು ಚುಚ್ಚುತ್ತದೆ ಎಂದ, ಕಪ್ಪು ಕನ್ನಡಕ ತಂದುಕೊಟ್ಟೆ. ಅದನ್ನು ಹಾಕಿಕೊಂಡು 'ಸಿನಿಮಾ ಹೀರೋ ಥರ ಇದೀನಾ' ಎಂದು ಕನ್ನಡಿ ನೋಡಿದ. ನೋವು ಹೋಗಲಿಲ್ಲ, ಜೊತೆಗೆ ವಾಂತಿಯೂ ಸೇರಿತು. ಕೇಂದ್ರಕ್ಕೆ ಹೋದ. ಅಲ್ಲಿ, 'ಹೊಸ ಮಾತ್ರೆ ಅಲ್ವಾ, ಒಗ್ಗೋವರೆಗೂ ಹೀಗೇ, ಬಿಡಬೇಡಿ' ಎಂದು ನೋವಿನ ಗುಳಿಗೆ ಕೊಟ್ಟು ಕಳಿಸಿದರು. ಎರಡನೇ ಸಲ ಹೋದಾಗಲೂ ಅದೇ ಮಾತು. ನಮ್ಮದೂ ತಪ್ಪು ಊಹೆ, ನಿಮ್ಮವರದೂ ತಪ್ಪು ಊಹೆ, ಸರಿ. ಆದರೆ ನಾವು ಊಹೆ ಮಾಡಿದ್ದು ಶೆಡ್ಡಿನಲ್ಲಿ ಕುಳಿತು. ನಿಮ್ಮವರು ಊಹೆ ಮಾಡಿದ್ದು ಎಣಿಕೆಯ ಯಂತ್ರದ ಪಕ್ಕದ ಕೊಠಡಿಯಲ್ಲಿ. ಊಹೆ ಮಾಡುವ ದರ್ದೇ ಇಲ್ಲದ ಕಡೆ ಅವರು ಊಹೆ ಮಾಡಬೇಕಾಯಿತು, ಏಕೆಂದರೆ ಹಾಗೆಂದು ನೀವು ಬರೆದು ಕಳಿಸಿದ್ದಿರಿ.

ಮುಂದಿನದನ್ನು ನಾನು ನೋಡಲಿಲ್ಲ, ಆ ದಿನ ಅವನ ಜೊತೆ ಕಾರಿನಲ್ಲಿದ್ದ ಬ್ಯಾಂಕಿನ ಗುಮಾಸ್ತೆ ಹೇಳಿದ್ದು. ಆಕೆ ಚೆನ್ನಾಗಿಯೇ ಓಡಿಸುತ್ತಿದ್ದಳಂತೆ. ಅಗಲವಾದ ರಸ್ತೆ. ಎದುರಿನಿಂದ ಒಂದು ಲಾರಿ ಅದರ ಪಾಡಿಗೆ ಅದರ ಕಡೆಯಲ್ಲಿ ಬರುತ್ತಿತ್ತು. ನಿಧಾನ ಮಾಸ್ಟರ್ ಇದ್ದಕ್ಕಿದ್ದಂತೆ ತನ್ನ ಕಾಲಡಿಯ ಬ್ರೇಕನ್ನು ಪೂರ್ತಿ ಒತ್ತಿ ಕಾರನ್ನು ರಸ್ತೆಯ ಮಧ್ಯೆ ನಿಲ್ಲಿಸಿಬಿಟ್ಟ.

"ಯಾಕೆ ಮಾಸ್ಟರ್? ನಾನೇನು ತಪ್ಪು ಮಾಡ್ದೆ?"

"ನೀವೇನೂ ಮಾಡಿಲ್ಲಮ್ಮ. ಎರಡು ಲಾರಿ ಒಟ್ಟಿಗೆ ನುಗ್ಗಿ ಬರ್ತಿದೆಯಲ್ಲ."

"ಒಂದೇ ಇರೋದು ಮಾಸ್ಟರ್."

ಅವನು ಕಪ್ಪು ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದನಂತೆ. ಆಮೇಲೆ ಕಾರನ್ನು ಆಕೆಯ ಕೈಯಲ್ಲೇ ಪಕ್ಕಕ್ಕೆ ತೆಗೆಸಿ, ಬೀಗದಕೈ ಆಕೆಗೇ ಕೊಟ್ಟು, "ಅಕ್ಕನಿಗೆ ಫೋನ್ ಮಾಡಿ ಬರೋಕೆ ಹೇಳಿ, ಇವತ್ತು ನನ್ನ ಪಕ್ಕ ಯಾರೂ ಕೂರೋದು ಬೇಡ" ಎಂದು ಇಳಿದು, ಗೋಡೆ ಹಿಡಿದುಕೊಂಡು ನಡೆದುಬಂದ. ಅವನು ಮಾಸ್ಟರ್ ಆಗಿ ಕಾರಿನಲ್ಲಿ ಕುಳಿತದ್ದು ಅದೇ ಕೊನೆ. ಒಂದೇ ಲಾರಿ ಎರಡಾಗಿ ಕಂಡ ಕ್ಷಣದಲ್ಲಿ ಕಲಿಯುವವಳ ಜೀವ ಕಾಪಾಡಬೇಕು ಎಂದು ಅವನಿಗೆ ಹೊಳೆಯಿತು. ಅವನ ಜೀವ ಕಾಪಾಡಲು ಸಂಬಳ ಪಡೆಯುವ ಇಲಾಖೆಗೆ ಆ ಮಟ್ಟದ ಜವಾಬ್ದಾರಿ ಇದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಬೆನ್ನುಹುರಿಯ ಪಕ್ಕಕ್ಕೆ ಸೂಜಿ ಹಾಕಿ ನೀರು ತೆಗೆದರು. ಮಾಮೂಲಿಗೆ ಹನಿಹನಿಯಾಗಿ ಬರಬೇಕಾದ ನೀರು ಚಿಮ್ಮಿ ಬಂತು, ತಲೆಯೊಳಗೆ ಅಷ್ಟು ಒತ್ತಡವಿತ್ತು. ಮೆದುಳಿನ ಪೊರೆಗೆ ಒಂದು ಬಗೆಯ ಶಿಲೀಂಧ್ರ ಹತ್ತಿತ್ತು. ರಕ್ತದ ಎಣಿಕೆಯನ್ನು ಅವರು ಆ ದಿನವೇ ಮಾಡಿಸಿದರು. ಮೂವತ್ತೊಂದು. ನನಗೆ ಆ ಸಂಖ್ಯೆ ಏನೆಂದು ಅರ್ಥವಾಗದೆ ಬೆಪ್ಪಾಗಿ ನಿಂತದ್ದನ್ನು ನೋಡಿ ಅಲ್ಲಿನ ಸಣ್ಣ ವಯಸ್ಸಿನ ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕುಳಿತು, ಸಲೈನ್ ಬಾಟಲಿಯ ರಟ್ಟಿನ ಡಬ್ಬಿಯ ಮೇಲೆ ಚಿತ್ರ ಬರೆದು ತಿಳಿಸಿ ಹೇಳಿದಳು. ನಿಮ್ಮ ಕೇಂದ್ರದಲ್ಲಿ ಯಾರೂ ಹೇಳದ ಮಾತು, ಆದ್ದರಿಂದ ಇಲ್ಲಿ ಬರೆಯುತ್ತೇನೆ, ಓದುವ ಬೇರೆಯವರಿಗಾದರೂ ಉಪಯೋಗಕ್ಕೆ ಬರಲಿ.

ಆಕೆ ಹೇಳಿದ್ದಿಷ್ಟು. ನಮ್ಮ ರಕ್ತದ ಬಿಳಿ ಕಣಗಳಲ್ಲಿ ಸಿಡಿ4 ಎಂಬ ಒಂದು ಜಾತಿ ಇದೆ. ರೋಗ ಬಂದಾಗ ಉಳಿದ ಕಣಗಳನ್ನೆಲ್ಲ ಎಬ್ಬಿಸಿ ಕೆಲಸಕ್ಕೆ ಹಚ್ಚುವ ಮೇಸ್ತ್ರಿಗಳು ಅವು. ಎಚ್‌ಐವಿ ಬಂದು ಸೇರುವುದು ಆ ಮೇಸ್ತ್ರಿಗಳೊಳಕ್ಕೇ. ಒಳಗೆ ಕುಳಿತು ತನ್ನ ಸಂತತಿ ಬೆಳೆಸಿಕೊಂಡು, ಆ ಕಣವನ್ನು ಕೊಂದು, ಹೊರಗೆ ಬಂದು ಮತ್ತೊಂದಕ್ಕೆ ನುಗ್ಗುತ್ತದೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ಗಂಧೆ ಬಂದು ಹೋಗುತ್ತವೆ. ಫ್ಲೂ ಇರಬೇಕು ಎಂದುಕೊಂಡು ಎಲ್ಲರೂ ಮರೆಯುತ್ತಾರೆ. ಆಮೇಲೆ ಎಂಟು ಹತ್ತು ವರ್ಷ ಏನೂ ಕಾಣಿಸುವುದಿಲ್ಲ. ಮನುಷ್ಯ ಉಂಡುಟ್ಟು, ಕೆಲಸ ಮಾಡಿಕೊಂಡು, ಹಾಸ್ಯ ಮಾಡಿಕೊಂಡು ಇರುತ್ತಾನೆ. ಒಳಗೆ ಮಾತ್ರ ಆರೋಗ್ಯವಂತನಲ್ಲಿ ಐನೂರರಿಂದ ಸಾವಿರದ ಮೇಲೂ ಇರಬೇಕಾದ ಎಣಿಕೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುತ್ತದೆ. ಇನ್ನೂರಕ್ಕಿಂತ ಕೆಳಗೆ ಬಂದರೆ ಅದು ಏಡ್ಸ್ ಹಂತ. ಮಾಮೂಲಿ ಮನುಷ್ಯನನ್ನು ಮುಟ್ಟಲೂ ಆಗದ ಕ್ರಿಮಿಗಳೆಲ್ಲ ಆಗ ಮೈಯಲ್ಲಿ ಬಿಡಾರ ಹೂಡುತ್ತವೆ: ಕ್ಷಯ, ಬಾಯಲ್ಲಿ ಬಿಳಿ ಅಗ್ರ, ಮೆದುಳಿನ ಈ ಶಿಲೀಂಧ್ರ.

"ವೈರಲ್ ಲೋಡ್ ಅಂದ್ರೆ ರಕ್ತದಲ್ಲಿ ವೈರಾಣು ಎಷ್ಟಿದೆ ಅನ್ನೋದು," ಎಂದಳು ಡಾಕ್ಟರಮ್ಮ. "ಮಾತ್ರೆ ಕೆಲಸ ಮಾಡ್ತಿದೆಯಾ ಇಲ್ವಾ ಅಂತ ಅದು ಹೇಳುತ್ತೆ. ಆದರೆ ಇಷ್ಟು ವರ್ಷದಲ್ಲಿ ಎಷ್ಟು ಹಾಳಾಗಿದೆ, ಉಳಿದಿರೋ ಶಕ್ತಿ ಎಷ್ಟು ಅನ್ನೋದನ್ನ ಸಿಡಿ4 ಮಾತ್ರ ಹೇಳೋದು. ಎರಡೂ ಬೇರೆ ಬೇರೆ ಪ್ರಶ್ನೆ."

"ಮಾತ್ರೆ ಶುರು ಮಾಡೋ ಮುಂಚೆ ಈ ಎಣಿಕೆ ಮಾಡಿದ್ರೆ?"

"ಇನ್ನೂರಕ್ಕಿಂತ ಕಡಿಮೆ ಅಂತ ಗೊತ್ತಾದ್ರೆ ಅದೇ ರಕ್ತದಲ್ಲಿ ಈ ಶಿಲೀಂಧ್ರ ಇದೆಯಾ ಅಂತ ನೋಡ್ತೀವಿ. ಒಂದು ಸಣ್ಣ ಕಾಗದದ ಪಟ್ಟಿ, ಒಂದು ಹನಿ ರಕ್ತ ಸಾಕು. ಇದ್ರೆ ಮೊದಲು ಅದಕ್ಕೆ ಔಷಧಿ ಕೊಟ್ಟು, ಕೆಲವು ವಾರ ಬಿಟ್ಟು ಎಚ್‌ಐವಿ ಮಾತ್ರೆ ಶುರು ಮಾಡ್ತೀವಿ. ನೋಡದೇ ಶುರು ಮಾಡಿದ್ರೆ, ಮೈಗೆ ಶಕ್ತಿ ವಾಪಸ್ ಬರ್ತಿದ್ದ ಹಾಗೇ ಅದು ಅಡಗಿರೋ ಶಿಲೀಂಧ್ರದ ಮೇಲೆ ಒಮ್ಮೆಗೇ ಬೀಳುತ್ತೆ. ಮೆದುಳಿನಲ್ಲಿ ಬಾವು ಬರುತ್ತೆ, ಒತ್ತಡ ಏರುತ್ತೆ, ಕಣ್ಣಿನ ನರ ಅದರಡಿ ಸಿಕ್ಕಿಬೀಳುತ್ತೆ."

ಒಂದು ಹನಿ ರಕ್ತ, ನಿರ್ದೇಶಕರೇ. ಅವನ ಕಣ್ಣುಗಳ ಬೆಲೆ ನಿಮ್ಮ ಇಲಾಖೆಯಲ್ಲಿ ಅಷ್ಟು. ಮತ್ತೆ ಮತ್ತೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು, ಹಲ್ಲು ಕಟಕಟ ಎನ್ನುವಷ್ಟು ಚಳಿ ಬರಿಸುವ ಇಂಜೆಕ್ಷನ್ನುಗಳನ್ನು ಕೊಟ್ಟರು, ಜೀವ ಉಳಿಯಿತು. ಎರಡಾಗಿ ಕಾಣುತ್ತಿದ್ದುದು ಮಸುಕಾಯಿತು, ಮಸುಕು ಪೂರ್ತಿ ಕತ್ತಲೆಯಾಯಿತು. ಕಣ್ಣಿನ ಡಾಕ್ಟರು ಟಾರ್ಚು ಹಿಡಿದು, 'ಬೆಳಕು ಗೊತ್ತಾಗ್ತಿದೆಯಾ' ಎಂದು ಕೇಳಿದಾಗ ನನ್ನ ತಮ್ಮ, 'ಟಾರ್ಚಿನ ಬಿಸಿ ಗೊತ್ತಾಗ್ತಿದೆ ಸರ್' ಎಂದ. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತು, ಜನ ತಿರುಗಿ ನೋಡುವ ಹಾಗೆ ಅತ್ತೆ.

ಈಗ ನಿಮ್ಮ ಸುತ್ತೋಲೆಗೆ ಬರೋಣ. ಅದರ ಪ್ರತಿಯನ್ನು ಕೇಂದ್ರದ ಗೋಡೆಗೇ ಅಂಟಿಸಿದ್ದಾರೆ, ಯಾರು ಬೇಕಾದರೂ ಓದಬಹುದು. 'ಚಿಕಿತ್ಸೆಯು ಸರ್ವರಿಗೂ ಲಭ್ಯವಿರುವುದರಿಂದ ಸಿಡಿ4 ಎಣಿಕೆಯ ಅಗತ್ಯ ಇರುವುದಿಲ್ಲ. ವೈರಲ್ ಲೋಡ್ ಗುರಿ ಸಾಧನೆಗೆ ಒತ್ತು ನೀಡತಕ್ಕದ್ದು.' ಎಂಥ ಸೊಗಸಾದ ತರ್ಕ. ಹಿಂದೆ ಮಾತ್ರೆ ಯಾರಿಗೆ ಕೊಡಬೇಕು ಎಂದು ನಿರ್ಧರಿಸಲು ಎಣಿಕೆ ಮಾಡುತ್ತಿದ್ದರು, ಈಗ ಎಲ್ಲರಿಗೂ ಕೊಡುತ್ತೇವೆ, ಆದ್ದರಿಂದ ಎಣಿಕೆ ಬೇಡ. ನನ್ನ ಶೆಡ್ಡಿಗೆ ಹಳೆಯ ಕಾರೊಂದು ಬಂದರೆ, ಅದನ್ನು ಓಡಿಸುವುದಂತೂ ಖಂಡಿತ, ಹಾಗಾಗಿ ಬ್ರೇಕ್ ಎಷ್ಟು ಸವೆದಿದೆ ಎಂದು ನೋಡುವ ಅಗತ್ಯವಿಲ್ಲ ಎಂದು ನಾನು ಹೇಳಿದರೆ ಆರ್‌ಟಿಓದವರು ನನ್ನ ಸ್ಕೂಲಿಗೆ ಬೀಗ ಹಾಕುತ್ತಾರೆ. ಬೀಗ ಹಾಕಲೇಬೇಕು. ನಿಮಗೆ ಬೀಗ ಹಾಕುವವರು ಯಾರು? ಈ ಸುತ್ತೋಲೆಯನ್ನು ಬರೆದ ಕೈಗೆ ಬಿಳಿ ಕಣ ಎಂದರೆ ಏನೆಂದು ಗೊತ್ತಿತ್ತೇ, ಅಥವಾ ಗುರಿ ಎಂಬ ಪದವೊಂದೇ ಸಾಕಾಗಿತ್ತೇ? ವೈರಲ್ ಲೋಡಿನ ಗುರಿ ಮುಟ್ಟಿದರೆ ಮೇಲಿನವರು ನಿಮ್ಮ ಬೆನ್ನು ತಟ್ಟುತ್ತಾರೆ. ಸಿಡಿ4 ಎಣಿಸಿದರೆ, ಎಷ್ಟು ಜನ ಅರ್ಧ ಸತ್ತ ಮೇಲೆ ನಿಮ್ಮ ಬಾಗಿಲಿಗೆ ಬರುತ್ತಿದ್ದಾರೆ ಎಂದು ಬಯಲಾಗುತ್ತದೆ. ಯಾವುದನ್ನು ನಿಲ್ಲಿಸಬೇಕು ಎಂದು ನೀವು ಆರಿಸಿದ್ದು ನೋಡಿದರೆ, ನಿಮ್ಮ ಜಾಣತನವನ್ನು ಮೆಚ್ಚಲೇಬೇಕು.

ನನ್ನ ದೂರಿಗೆ ನೀವು ಕೊಟ್ಟ ಉತ್ತರದಲ್ಲಿ ಮೂರೇ ಸಾಲು ಇತ್ತು. 'ರೋಗಿಯು ತಡವಾಗಿ ಬಂದಿರುತ್ತಾರೆ. ಚಿಕಿತ್ಸೆಯಲ್ಲಿ ಲೋಪ ಕಂಡುಬಂದಿರುವುದಿಲ್ಲ. ರೋಗಿಯ ಇತ್ತೀಚಿನ ಫಲಿತಾಂಶವು ಉತ್ತಮವಾಗಿರುತ್ತದೆ.' ತಡವಾಗಿ ಬಂದಿರುತ್ತಾರೆ. ಇದನ್ನು ಓದಿ ನನ್ನ ಮೈಯೆಲ್ಲ ಉರಿಯಿತು. ತಡವಾಗಿ ಬಂದರೆಂದು ನಿಮಗೆ ಗೊತ್ತಾದದ್ದು ಹೇಗೆ ಸ್ವಾಮಿ? ತಡವಾಗಿ ಬಂದವರು ಯಾರು, ಸರಿಯಾದ ಸಮಯಕ್ಕೆ ಬಂದವರು ಯಾರು ಎಂದು ತಿಳಿಸುವ ಪರೀಕ್ಷೆ ಯಾವುದೋ ಅದನ್ನೇ ನೀವು ನಿಲ್ಲಿಸಿದ್ದು. ನಿಮ್ಮ ಕೇಂದ್ರಕ್ಕೆ ಅವನು ನಡೆದುಕೊಂಡು ಬಂದಿದ್ದ. ಆ ಬೆಳಿಗ್ಗೆ ಇಬ್ಬರಿಗೆ ಕಾರು ಕಲಿಸಿ ಬಂದಿದ್ದ. ತೂಕ ಸ್ವಲ್ಪ ಇಳಿದಿತ್ತು, ಅದಕ್ಕೆ ಆಪ್ತಸಲಹೆಗಾರ್ತಿಯೇ 'ಫಿಟ್ ಆಗಿದ್ದೀರಲ್ಲ' ಎಂದಿದ್ದಳು. ಹೊರಗಿನಿಂದ ನೋಡಿ ತಡವೋ ಬೇಗವೋ ಎಂದು ಹೇಳಲು ದೊಡ್ಡ ಆಸ್ಪತ್ರೆಯ ಡಾಕ್ಟರಿಗೂ ಆಗುವುದಿಲ್ಲ, ಎಣಿಸಬೇಕು. ತಡವಾಗಿ ಬಂದವರಿಗೇ ಅಲ್ಲವೇ ಆ ಪರೀಕ್ಷೆ ಬೇಕಿದ್ದುದು? ಸಮಯಕ್ಕೆ ಬಂದವರು ಅದಿಲ್ಲದೆಯೂ ಹೇಗೋ ಬಚಾವಾಗುತ್ತಾರೆ.

ಪತ್ರದಿಂದ ಆಗದಿದ್ದರೆ ಮುಖತಃ ಕೇಳೋಣ ಎಂದು ನಿಮ್ಮ ಕಚೇರಿಗೂ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ನನ್ನನ್ನು ಮರ್ಯಾದೆಯಿಂದಲೇ ಕೂರಿಸಿ, ಗಣಕದ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅದರ ತುಂಬ ಚೌಕಗಳು, ಕೆಂಪು, ಹಳದಿ, ಹಸಿರು.

"ನೋಡಿ ಅಮ್ಮ, ನೀವು ಸುಮ್ನೆ ಗಾಬರಿಯಾಗಿದ್ದೀರಿ. ನಿಮ್ಮ ತಮ್ಮಂದು ಹಸಿರು ಬಂದಿದೆ."

"ಅವನಿಗೆ ಕಣ್ಣು ಹೋಗಿದೆ ಸರ್."

"ಅದು ಬೇರೆ ವಿಭಾಗಕ್ಕೆ ಬರುತ್ತೆ ಅಮ್ಮ. ನಮ್ಮ ಪ್ರಕಾರ ಇದು ಯಶಸ್ವಿ ಪ್ರಕರಣ."

ಆ ಮನುಷ್ಯನ ಮೇಲೆ ನನಗೆ ಕೋಪ ಬರಲಿಲ್ಲ. ಅವರಿಗೆ ಮೂರು ಬಣ್ಣ ಕೊಟ್ಟು ಕೂರಿಸಿದ್ದಾರೆ, ಅವರು ಮೂರು ಬಣ್ಣ ನೋಡುತ್ತಾರೆ. ಆದರೆ ನೀವು ವೈದ್ಯಕೀಯ ಓದಿದವರು. ನಿಮ್ಮ ವಾರ್ಷಿಕ ವರದಿಯಲ್ಲಿ ನನ್ನ ತಮ್ಮ ಗೆದ್ದವರ ಲೆಕ್ಕಕ್ಕೆ ಸೇರಿದ್ದಾನೆ. ಮಾತ್ರೆ ಶುರು ಮಾಡಿ ಆರು ತಿಂಗಳು ಕಾಣದೆ ಸತ್ತವರು ಯಾವ ಬಣ್ಣದಲ್ಲಿದ್ದಾರೆ? ಅವರ ವೈರಲ್ ಲೋಡ್ ಮಾಡಲಿಕ್ಕೇ ಆಗುವುದಿಲ್ಲ, ಆದ್ದರಿಂದ ಅವರು ನಿಮ್ಮ ಗುರಿಗೆ ಅಡ್ಡ ಬರುವುದೂ ಇಲ್ಲ. ಎಂಥ ಒಳ್ಳೆಯ ರೋಗಿಗಳು.

ಇನ್ನು ನನ್ನ ತಮ್ಮನ ವಿಷಯ. ಕಣ್ಣು ಹೋದ ಮೇಲೆ ಅವನು ಮೂಲೆ ಹಿಡಿದು ಕೂರುತ್ತಾನೆ ಎಂದು ನಾನು ಹೆದರಿದ್ದೆ. ಕೆಲವು ದಿನ ಕುಳಿತ ಕೂಡ, ಊಟ ಬೇಡ, ಮಾತು ಬೇಡ. ಆಮೇಲೊಂದು ಬೆಳಿಗ್ಗೆ, "ಅಕ್ಕಾ, ನನ್ನ ಕೇಂದ್ರಕ್ಕೆ ಬಿಟ್ಟು ಬಾ" ಎಂದ. ಮಾತ್ರೆ ತರಲಿಕ್ಕಿರಬೇಕು ಎಂದು ಬಿಟ್ಟು ಬಂದೆ. ಮಧ್ಯಾಹ್ನ ಹೋದರೆ ಬೆಂಚಿನ ಮೇಲೆ ಹಾಗೇ ಕುಳಿತಿದ್ದಾನೆ. ಮಾರನೆಯ ದಿನವೂ ಬಿಡು ಎಂದ. ಅಲ್ಲಿ ಕುಳಿತು ಅವನು ಮಾಡುವುದು ಇಷ್ಟೇ. ಪಕ್ಕದಲ್ಲಿ ಯಾರಾದರೂ ಬಂದು ಕುಳಿತ ಸದ್ದಾದರೆ, ಹೆಸರು ಕೇಳುವುದಿಲ್ಲ, ಕಾಯಿಲೆ ಕೇಳುವುದಿಲ್ಲ. "ನನಗೆ ಕಣ್ಣು ಕಾಣಲ್ಲ, ನೀವ್ಯಾರು ಅಂತ ನನಗೆ ಗೊತ್ತಾಗಲ್ಲ, ಹೆದರಬೇಡಿ. ಮಾತ್ರೆ ಹೊಸದಾಗಿ ಶುರುನಾ? ತಲೆನೋವು ಇದೆಯಾ?" ಎಂದು ಕೇಳುತ್ತಾನೆ. ಇಲ್ಲ ಎಂದರೆ, ಮುಂದೆ ತಲೆನೋವು ಬಂದರೆ ಮಾತ್ರೆ ನಿಲ್ಲಿಸಬೇಡಿ, ಆದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಎಣಿಕೆ ಮಾಡಿಸಿಕೊಳ್ಳಿ ಎನ್ನುತ್ತಾನೆ. ಇದೆ ಎಂದರೆ ನನಗೆ ಫೋನ್ ಮಾಡುತ್ತಾನೆ. ನಾನು ಕಾರು ತರುತ್ತೇನೆ.

ಹೀಗೆ ಒಂದು ದಿನ ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಸಿಕ್ಕಳು. ಇದೆಯಣ್ಣ, ಒಲೆಯ ಮುಂದೆ ನಿಲ್ತೀನಲ್ಲ, ಕಾವಿಗೆ ಇರಬೇಕು ಎಂದಳಂತೆ. ಅವಳದೂ ನಮ್ಮ ಜಗ್ಗುನೋವಿನಂಥದೇ ಸಮಾಧಾನ. ಅವಳಿಗೆ ಆ ದಿನವೇ ಮಾತ್ರೆ ಕೊಡುವವರಿದ್ದರು. ಕಾರಿನಲ್ಲಿ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋದೆ. ಎಣಿಕೆ ಎಪ್ಪತ್ತರ ಆಚೀಚೆ ಬಂತು. ಪಟ್ಟಿಯ ಪರೀಕ್ಷೆಯಲ್ಲಿ ಶಿಲೀಂಧ್ರ ಇದೆ ಎಂದು ಬಂತು, ಆದರೆ ಬೆನ್ನಿನ ನೀರು ತೆಗೆದು ನೋಡಿದರೆ ಇನ್ನೂ ಮೆದುಳಿಗೆ ಹತ್ತಿರಲಿಲ್ಲ. ಮೊದಲು ಅದಕ್ಕೆ ಔಷಧಿ ಕೊಟ್ಟು, ಆಮೇಲೆ ಎಚ್‌ಐವಿ ಮಾತ್ರೆ ಶುರು ಮಾಡಿದರು. ಅವಳು ಈಗ ಮತ್ತೆ ಬೇಕರಿಯಲ್ಲಿ ನಿಂತಿದ್ದಾಳೆ, ಅವಳಿಗೆ ಎರಡು ಕಣ್ಣೂ ಚೆನ್ನಾಗಿ ಕಾಣುತ್ತವೆ. ಒಬ್ಬ ಕುರುಡ ಬೆಂಚಿನ ಮೇಲೆ ಕುಳಿತು ಒಂದು ಪ್ರಶ್ನೆ ಕೇಳಿದ್ದಕ್ಕೆ ಅದು ಆಯಿತು. ತಲೆನೋವು ಇಲ್ಲದವರೊಳಗೂ ಎಷ್ಟು ಜನರಲ್ಲಿ ಅದು ಅಡಗಿರುತ್ತದೋ ಅವನ ಪ್ರಶ್ನೆಗೆ ಗೊತ್ತಾಗುವುದಿಲ್ಲ, ನಿಮ್ಮ ಯಂತ್ರಕ್ಕೆ ಗೊತ್ತಾಗುತ್ತದೆ.

ಇದಕ್ಕೆ ನಿಮ್ಮ ಇಲಾಖೆ ಏನು ಮಾಡಿತು? ಯಂತ್ರದ ಮುಸುಕು ತೆಗೆಯಿತೇ? ಇಲ್ಲ. ಕಳೆದ ವಾರ ಕೇಂದ್ರದ ಬಾಗಿಲಿಗೆ ಹೊಸ ಸೂಚನೆಯೊಂದನ್ನು ಅಂಟಿಸಿತು. 'ಅನಧಿಕೃತ ವ್ಯಕ್ತಿಗಳು ಬೆಂಚಿನ ಮೇಲೆ ಕುಳಿತು ರೋಗಿಗಳನ್ನು ವಿಚಾರಿಸುವಂತಿಲ್ಲ. ರೋಗಿಗಳ ಗೌಪ್ಯತೆ ಕಾಪಾಡುವ ದೃಷ್ಟಿಯಿಂದ ಇದನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು.' ಬಾಗಿಲು ಮುಚ್ಚದ ಕೊಠಡಿಯಲ್ಲಿ ಸಲಹೆ ಕೊಡುವವರಿಗೆ, ರಕ್ತದ ಫಲಿತಾಂಶವನ್ನು ಹೂವಿನ ಚಿತ್ರದೊಂದಿಗೆ ಮೊಬೈಲಿಗೆ ಕಳಿಸುವವರಿಗೆ, ಇದ್ದಕ್ಕಿದ್ದಂತೆ ಗೌಪ್ಯತೆಯ ನೆನಪಾಗಿದೆ. ಯಾರ ಮುಖವನ್ನೂ ನೋಡಲಾಗದ ಮನುಷ್ಯನೊಬ್ಬನಿಂದ ಗೌಪ್ಯತೆಗೆ ಧಕ್ಕೆಯಂತೆ. ನಾನು ಸೂಚನೆಯನ್ನು ಓದಿ ಹೇಳಿದಾಗ ಅವನು ಬಹಳ ಹೊತ್ತು ನಕ್ಕ. ಆಮೇಲೆ, "ಹಾಗಾದ್ರೆ ನಾಳೆ ಸ್ವಲ್ಪ ಬೇಗ ಬಿಡು" ಎಂದ. ಈ ಪತ್ರದ ಕರಡನ್ನೂ ಅವನಿಗೆ ಓದಿ ಹೇಳಿದ್ದೇನೆ. ಎಲ್ಲವನ್ನೂ ಬರೆ, ನನಗೇನೂ ನಾಚಿಕೆಯಿಲ್ಲ ಎಂದ. ನಿಮ್ಮನ್ನು ಕುರಿತು ನಾನು ಬರೆದಿದ್ದ ಎರಡು ಪದಗಳನ್ನು ಮಾತ್ರ, ಅಚ್ಚಿನಲ್ಲಿ ಚೆನ್ನಾಗಿರುವುದಿಲ್ಲ ಎಂದು ತೆಗೆಸಿದ. ಅವು ಯಾವುವೆಂದು ನೀವು ಊಹಿಸಿಕೊಳ್ಳಿ, ನಿಮ್ಮ ಇಲಾಖೆಗೆ ಊಹೆಯ ಅಭ್ಯಾಸವಿದೆ.

ನನ್ನ ಬೇಡಿಕೆ ಇಷ್ಟೇ. ಆ ಸುತ್ತೋಲೆಯನ್ನು ರದ್ದು ಮಾಡಿ. ಯಂತ್ರಕ್ಕೆ ಬೇಕಾದ ದ್ರಾವಣ ಕಳಿಸಿ. ಹೊಸದಾಗಿ ಬಂದವರಿಗೂ, ಮಾತ್ರೆ ಬಿಟ್ಟು ಮರಳಿ ಬಂದವರಿಗೂ ಮೊದಲ ದಿನವೇ ಎಣಿಕೆ ಮಾಡಿ, ಕಡಿಮೆ ಇದ್ದವರಿಗೆ ಆ ಒಂದು ಹನಿ ರಕ್ತದ ಪರೀಕ್ಷೆಯನ್ನೂ ಮಾಡಿ, ಆಮೇಲೆ ಮಾತ್ರೆ ಕೊಡಿ. ಆ ಯಂತ್ರ ಸದ್ದು ಮಾಡಲು ಶುರು ಮಾಡಿದ ದಿನ ನನ್ನ ತಮ್ಮ ತಾನಾಗಿಯೇ ಬೆಂಚು ಬಿಟ್ಟು ಏಳುತ್ತಾನೆ, ಅವನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಅಲ್ಲಿಯವರೆಗೆ ಏಳುವುದಿಲ್ಲ. ನಿಮ್ಮ ಸೂಚನೆಯ ಪ್ರಕಾರ ಅವನನ್ನು ಎಬ್ಬಿಸಲೇಬೇಕು ಎಂದಿದ್ದರೆ ಕಾವಲುಗಾರನನ್ನು ಕಳಿಸಬೇಡಿ, ನೀವೇ ಬನ್ನಿ. ನೀವು ಬರುವುದು ಅವನಿಗೆ ಕಾಣಿಸುವುದಿಲ್ಲ. ಪಕ್ಕದಲ್ಲಿ ಸದ್ದಾದರೆ ಯಾರೋ ಹೊಸಬರು ಎಂದುಕೊಂಡು ಸರಿದು ಜಾಗ ಕೊಡುತ್ತಾನೆ, ತಲೆನೋವು ಇದೆಯಾ ಎಂದು ನಿಮ್ಮನ್ನೂ ಕೇಳುತ್ತಾನೆ. ಏನು ಉತ್ತರ ಕೊಡುತ್ತೀರಿ ಎಂದು ಯೋಚಿಸಿಕೊಂಡು ಬನ್ನಿ.

ಇಂತಿ,
ಊರಿಗೆಲ್ಲ ಗಾಡಿ ಓಡಿಸಲು ಕಲಿಸಿ, ಈಗ ತಮ್ಮನ ಕೈ ಹಿಡಿದು ರಸ್ತೆ ದಾಟಿಸುತ್ತಿರುವ
ಅವನ ಅಕ್ಕ